ಫೈರ್ ಚೀಫ್‌ಗಳ ಸಂಘ: ಶುಲ್ಕ ಕಟ್ಟಿದರೆ ಕೈಗೆ ಬರುವುದೇನು?

ಪ್ರಶ್ನೆ: ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಟೌನ್‌ಶಿಪ್‌ನಲ್ಲಿದ್ದೇನೆ. ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಕೆಲಸ. ಒಂಬತ್ತು ವರ್ಷದಿಂದ ಇಲ್ಲಿನ ಸ್ವಯಂಸೇವಕ ಫೈರ್ ಕಂಪನಿಯಲ್ಲಿದ್ದೇನೆ. ಬರುವ ಜನವರಿಯಿಂದ ನನ್ನನ್ನು ಸಹಾಯಕ ಚೀಫ್ ಆಗಿ ಆರಿಸಿದ್ದಾರೆ, ಎರಡು ವರ್ಷದಲ್ಲಿ ಚೀಫ್ ಜವಾಬ್ದಾರಿಯೇ ಹೆಗಲಿಗೆ ಬರಬಹುದು. ಈಗಿನ ಚೀಫ್ ‘ಐಎಎಫ್‌ಸಿಗೆ ಸೇರಿಕೋ’ ಎನ್ನುತ್ತಾರೆ. ಅದು ಯೂನಿಯನ್ನೇ? ಕಂಪನಿಯ ದುಡ್ಡಿನಲ್ಲಿ ಶುಲ್ಕ ಕಟ್ಟಿದರೆ ನಮಗೆ ದಕ್ಕುವುದೇನು? ಹಾಸನದಲ್ಲಿ ನಮ್ಮ ಚಿಕ್ಕಪ್ಪ ಅಗ್ನಿಶಾಮಕ ದಳದಲ್ಲಿದ್ದರು, ಅವರ ಬಾಯಲ್ಲಿ ಇಂಥ ಸಂಘದ ಮಾತೇ ಕೇಳಿದ ನೆನಪಿಲ್ಲ.

ಉತ್ತರ: ಯೂನಿಯನ್ ಅಲ್ಲ. ಹೆಸರಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸ ಇರುವುದರಿಂದ ಈ ಗೊಂದಲ ಎಲ್ಲರಿಗೂ ಆಗುತ್ತದೆ. ಐಎಎಫ್‌ಎಫ್ ಎಂಬುದು ಸಂಬಳದ ಅಗ್ನಿಶಾಮಕರ ಕಾರ್ಮಿಕ ಸಂಘ, 1918ರಲ್ಲಿ ಹುಟ್ಟಿದ್ದು. ಸಂಬಳ, ಪಾಳಿ, ಪಿಂಚಣಿಯ ಮಾತುಕತೆಗೆ ಕೂರುವುದು ಅದು. ಐಎಎಫ್‌ಸಿ ಅಂದರೆ ಇಂಟರ್‌ನ್ಯಾಷನಲ್ ಅಸೋಸಿಯೇಷನ್ ಆಫ್ ಫೈರ್ ಚೀಫ್ಸ್. ಅದೇ ಮಾತುಕತೆಯ ಮೇಜಿನ ಆಚೆ ಬದಿಯಲ್ಲಿ ಕೂರುವವರ ವೃತ್ತಿಸಂಘ. ಅಗ್ನಿಸುರಕ್ಷತೆಯ ಮಾನದಂಡ ಬರೆಯುವ ಎನ್‌ಎಫ್‌ಪಿಎ ಬೇರೆ, ಸ್ವಯಂಸೇವಕರ ಪರ ನಿಲ್ಲುವ ಎನ್‌ವಿಎಫ್‌ಸಿ ಬೇರೆ. ಇವು ನಾಲ್ಕೂ ಖಾಸಗಿ ಸಂಸ್ಥೆಗಳು. ಸರ್ಕಾರದ್ದು ಯುಎಸ್‌ಎಫ್‌ಎ, ಅಂದರೆ ಅಮೆರಿಕದ ಅಗ್ನಿಶಾಮಕ ಆಡಳಿತ ಸಂಸ್ಥೆ. ಅದರ ನ್ಯಾಷನಲ್ ಫೈರ್ ಅಕಾಡೆಮಿ ಇರುವ ಎಮಿಟ್ಸ್‌ಬರ್ಗ್ ಮೇರಿಲ್ಯಾಂಡ್‌ನಲ್ಲಿದ್ದರೂ ನಿಮ್ಮ ರಾಜ್ಯದ ಗಡಿಗೆ ಅಂಟಿಕೊಂಡೇ ಇದೆ.

ನಿಮ್ಮ ಚಿಕ್ಕಪ್ಪನವರಿಗೆ ಇಂಥದ್ದು ಏಕೆ ಬೇಕಾಗಲಿಲ್ಲ ಎಂಬುದರಲ್ಲೇ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರವಿದೆ. ಕರ್ನಾಟಕದಲ್ಲಿ ಅಗ್ನಿಶಾಮಕ ಮತ್ತು ತುರ್ತು ಸೇವೆಗಳದ್ದು ರಾಜ್ಯಕ್ಕೆಲ್ಲ ಒಂದೇ ಇಲಾಖೆ. ಹಾಸನದ ಠಾಣಾಧಿಕಾರಿಗೆ ಏನಾದರೂ ತೊಡಕಾದರೆ ಕಡತ ಮೇಲಕ್ಕೆ ಹೋಗುತ್ತದೆ, ಆದೇಶ ಕೆಳಕ್ಕೆ ಬರುತ್ತದೆ. ತಡವಾಗಬಹುದು, ಆದರೆ ಕೇಳಲು ಒಬ್ಬರು ಇದ್ದಾರೆ. ಮೇಲಿನ ಹಂತದ ತರಬೇತಿಗೆ ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜಿದೆ. ಅಮೆರಿಕದಲ್ಲಿ ಸುಮಾರು 29,000 ಅಗ್ನಿಶಾಮಕ ದಳಗಳಿವೆ, ಒಂದೊಂದೂ ತನ್ನಷ್ಟಕ್ಕೆ ಸ್ವತಂತ್ರ. ಸಿಬ್ಬಂದಿಯಲ್ಲಿ ಬಹುಪಾಲು ನಿಮ್ಮಂತೆ ಸಂಬಳವಿಲ್ಲದವರು. ಯಾವ ಏರ್‌ಪ್ಯಾಕ್ (ಹೊಗೆಯಲ್ಲಿ ಉಸಿರಾಡಲು ಬೆನ್ನಿಗೆ ಹೊರುವ ಗಾಳಿಯ ಸಿಲಿಂಡರ್ ಮತ್ತು ಮಾಸ್ಕ್) ಕೊಳ್ಳಬೇಕು, ಯಾವ ಬೆಂಕಿಗೆ ಒಳಗೆ ನುಗ್ಗಬಾರದು, ಕುಡಿದು ಬಂದ ಕ್ಯಾಪ್ಟನ್‌ನನ್ನು ಏನು ಮಾಡಬೇಕು: ಇವೆಲ್ಲ ನಿಮ್ಮ ಮೇಜಿಗೇ ಬಂದು ನಿಲ್ಲುತ್ತವೆ. ಟೌನ್‌ಶಿಪ್ ನಡೆಸುವ ಚುನಾಯಿತ ಸೂಪರ್‌ವೈಸರ್‌ಗಳಿಗೆ ಬಜೆಟ್ ಗೊತ್ತು, ಬೆಂಕಿ ಗೊತ್ತಿಲ್ಲ. ಕಂಪನಿಯ ಹುಡುಗರಿಗೆ ಬೆಂಕಿ ಗೊತ್ತು, ಆದರೆ ಅವರು ನಿಮ್ಮನ್ನು ಆರಿಸಿದವರು, ಮುಂದಿನ ಸಲ ಇಳಿಸಲೂಬಹುದು. ಮೇಲೆ ಕೇಳಲು ಯಾರೂ ಇಲ್ಲದವರು ಪಕ್ಕದಲ್ಲಿ ಕೇಳಬೇಕಾಗುತ್ತದೆ. ಸಂಘ ಕೊಡುವುದು ಈ ‘ಪಕ್ಕ’ವನ್ನು. ಉಳಿದದ್ದೆಲ್ಲ ಅದರಿಂದ ಹುಟ್ಟಿದ್ದು.

ಈ ಸಂಘದಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ಒಂದು ಹೋಸ್ ಕಪ್ಲಿಂಗ್, ಅಂದರೆ ನೀರಿನ ಪೈಪಿನ ಜೋಡಣೆಯ ತುದಿ, ಹೇಳುತ್ತದೆ. 1872ರ ನವೆಂಬರ್ 9ರಂದು ಬಾಸ್ಟನ್ ನಗರದ ವ್ಯಾಪಾರದ ಭಾಗಕ್ಕೆ ಬೆಂಕಿ ಬಿತ್ತು. ಆಗ ಕುದುರೆಗಳಿಗೆ ಜ್ವರದ ಪಿಡುಗು. ಎಂಜಿನ್‌ಗಳನ್ನು ಮನುಷ್ಯರೇ ಎಳೆದುಕೊಂಡು ಹೋಗಬೇಕಾಯಿತು. 776 ಕಟ್ಟಡ ಸುಟ್ಟವು, ಸುಮಾರು 65 ಎಕರೆ ಬೂದಿಯಾಯಿತು. ಅಲ್ಲಿನ ಅಗ್ನಿಶಾಮಕ ದಳದ ಮುಖ್ಯಸ್ಥ ಜಾನ್ ಡ್ಯಾಮ್ರೆಲ್ ಮರದ ಚಾವಣಿ, ಸಣ್ಣ ನೀರಿನ ಪೈಪುಗಳ ಬಗ್ಗೆ ಮೊದಲೇ ಎಚ್ಚರಿಸಿದ್ದರು, ಕೇಳಿದವರಿಲ್ಲ. ಮರುವರ್ಷ, 1873ರ ಅಕ್ಟೋಬರ್‌ನಲ್ಲಿ ಬಾಲ್ಟಿಮೋರ್‌ನಲ್ಲಿ ಬೇರೆ ಬೇರೆ ನಗರಗಳ ಮುಖ್ಯಸ್ಥರು ಸೇರಿ ಸಂಘ ಕಟ್ಟಿದರು, ಡ್ಯಾಮ್ರೆಲ್ ಮೊದಲ ಅಧ್ಯಕ್ಷರಾದರು. ಅದೇ ಇಂದಿನ ಐಎಎಫ್‌ಸಿ. ಊರೂರಿಗೆ ಬೇರೆಯಾಗಿದ್ದ ಹೋಸ್ ಥ್ರೆಡ್ (ಕಪ್ಲಿಂಗ್‌ನ ತಿರುಪಿನ ಗೆರೆ) ಒಂದೇ ಆಗಬೇಕು ಎಂಬ ಮಾತು ಅಲ್ಲಿಂದಲೇ ಶುರು.

ಮೂವತ್ತು ವರ್ಷದ ಮೇಲೆ, 1904ರ ಫೆಬ್ರವರಿಯಲ್ಲಿ, ಸಂಘ ಹುಟ್ಟಿದ ಅದೇ ಬಾಲ್ಟಿಮೋರ್ ಹೊತ್ತಿ ಉರಿಯಿತು. ವಾಷಿಂಗ್ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕ್‌ಗಳಿಂದ ರೈಲಿನಲ್ಲಿ ಎಂಜಿನ್‌ಗಳು ಬಂದಿಳಿದವು. ಹೊರಗಿನಿಂದ ಬಂದ ಹೋಸ್‌ಗಳಲ್ಲಿ ಹಲವು ಅಲ್ಲಿನ ಹೈಡ್ರಂಟ್‌ಗೆ (ಬೀದಿಬದಿಯ ನೀರಿನ ನಲ್ಲಿ) ಕೂರಲೇ ಇಲ್ಲ. ಎಂಜಿನ್ ಇದೆ, ಜನ ಇದ್ದಾರೆ, ನೀರೂ ಇದೆ, ಥ್ರೆಡ್ ಮಾತ್ರ ಬೇರೆ. ಸುಮಾರು 1,500 ಕಟ್ಟಡ ಹೋದವು. ಮರುವರ್ಷ ಎನ್‌ಎಫ್‌ಪಿಎ ಎರಡೂವರೆ ಇಂಚಿನ ಹೋಸ್‌ಗೆ ಇಂಚಿಗೆ ಏಳೂವರೆ ಸುತ್ತಿನ ಥ್ರೆಡ್ ಎಂದು ಮಾನದಂಡ ಮಾಡಿತು. ಅದಾಗಿ ನೂರಿಪ್ಪತ್ತು ವರ್ಷ ಕಳೆದರೂ ಕೆಲವು ನಗರಗಳು ತಮ್ಮ ಹಳೆಯ ಥ್ರೆಡ್ ಬಿಟ್ಟಿಲ್ಲ. ನಿಮ್ಮ ಎಂಜಿನ್‌ನ ಕಪಾಟು ತೆರೆದು ನೋಡಿ, ಪಕ್ಕದ ಊರಿಗೆಂದು ಇಟ್ಟ ಅಡಾಪ್ಟರ್ ಒಂದಾದರೂ ಸಿಕ್ಕೀತು. ಸಂಘದ ನಿರ್ಣಯ ಕಾನೂನಲ್ಲ. ನಿಮ್ಮ ಕಂಪನಿ ಅದನ್ನು ಒಪ್ಪಿ ಜಾರಿಗೆ ತರುವವರೆಗೆ ಅದು ಊಟಕ್ಕಿಲ್ಲದ ಉಪ್ಪಿನಕಾಯಿ. ಮುಂದೆ ಹೇಳುವ ಪ್ರತಿಯೊಂದನ್ನೂ ಈ ಅಳತೆಯಲ್ಲೇ ತೂಗಿ.

ಸದಸ್ಯರಾದ ಕೂಡಲೇ ಭೌಗೋಳಿಕ ವಿಭಾಗವೊಂದಕ್ಕೆ ಸೇರುತ್ತೀರಿ. ಪೆನ್ಸಿಲ್ವೇನಿಯಾದವರಿಗೆ ಈಸ್ಟರ್ನ್ ಡಿವಿಷನ್. ಅದಕ್ಕಿಂತ ನಿಮಗೆ ಮುಖ್ಯವಾದದ್ದು ‘ಸೆಕ್ಷನ್’. ಮಹಾನಗರಗಳ ಚೀಫ್‌ಗಳಿಗೆ ಒಂದು, ಆಂಬುಲೆನ್ಸ್ ಸೇವೆಗೆ ಒಂದು, ಸುರಕ್ಷತೆ–ಆರೋಗ್ಯಕ್ಕೆ ಒಂದು ಹೀಗೆ ಹಲವು ಇವೆ. ನಿಮ್ಮದು ವಿಸಿಒಎಸ್, ಅಂದರೆ ಸ್ವಯಂಸೇವಕ ಮತ್ತು ಮಿಶ್ರ ದಳಗಳ ಅಧಿಕಾರಿಗಳ ಸೆಕ್ಷನ್. ಅರ್ಜಿಯಲ್ಲಿ ಇದನ್ನು ಗುರುತು ಹಾಕುವುದು ಮರೆತರೆ ನಿಮಗೆ ಬರುವ ಕಾಗದಪತ್ರವೆಲ್ಲ ನಾನೂರು ಜನ ಸಂಬಳದವರಿರುವ ಇಲಾಖೆಗಳ ಸಮಸ್ಯೆಗಳದ್ದೇ. ಸದಸ್ಯತ್ವ ದಂಡ ಎನ್ನುವವರನ್ನು ಕೇಳಿ ನೋಡಿದರೆ ಹಲವರು ಎಡವಿದ್ದು ಇಲ್ಲೇ.

ಮೊದಲು ಕೈಗೆತ್ತಿಕೊಳ್ಳಬೇಕಾದ್ದು ಸಂಘದ ಆಫೀಸರ್ ಡೆವಲಪ್‌ಮೆಂಟ್ ಹ್ಯಾಂಡ್‌ಬುಕ್. ಅದು ಅಧಿಕಾರಿಯ ಬೆಳವಣಿಗೆಯನ್ನು ನಾಲ್ಕು ಮೆಟ್ಟಿಲಾಗಿ ಕಟ್ಟುತ್ತದೆ: ಸೂಪರ್‌ವೈಸಿಂಗ್, ಮ್ಯಾನೇಜಿಂಗ್, ಅಡ್ಮಿನಿಸ್ಟ್ರೇಟಿವ್, ಎಕ್ಸಿಕ್ಯೂಟಿವ್. ಪ್ರತಿ ಮೆಟ್ಟಿಲಿನಲ್ಲೂ ತರಬೇತಿ, ಶಿಕ್ಷಣ, ಅನುಭವ, ಸ್ವಂತ ಬೆಳವಣಿಗೆ ಎಂದು ನಾಲ್ಕು ಖಾನೆ. ಒಂದು ಕಾಗದದಲ್ಲಿ ಈ ಹದಿನಾರು ಚೌಕ ಹಾಕಿ ನಿಮ್ಮದನ್ನು ತುಂಬಿ. ಒಂಬತ್ತು ವರ್ಷ ನಳಿಕೆ ಹಿಡಿದವರ ಕಾಗದ ಹೇಗಿರುತ್ತದೆಂದು ನೋಡದೆಯೂ ಹೇಳಬಹುದು. ಕೆಳಗಿನ ಎರಡು ಮೆಟ್ಟಿಲಿನ ತರಬೇತಿ, ಅನುಭವ ತುಂಬಿ ತುಳುಕುತ್ತದೆ. ಮೂರನೆಯದರಲ್ಲಿ ಬಜೆಟ್, ಸಿಬ್ಬಂದಿ ನಿಯಮ, ಟೌನ್‌ಶಿಪ್ ಜೊತೆಗಿನ ಒಪ್ಪಂದ ಇವೆಲ್ಲ ಖಾಲಿ. ಸಾಫ್ಟ್‌ವೇರ್‌ನಲ್ಲಿ ತಂಡ ನಡೆಸಿದ್ದರೆ ಕೆಲವು ಚೌಕ ಅಲ್ಲಿಂದ ತುಂಬುತ್ತವೆ, ಸಂಕೋಚ ಬೇಡ. ಖಾಲಿ ಚೌಕಗಳಲ್ಲಿ ವರ್ಷಕ್ಕೆ ಎರಡನ್ನು ಮಾತ್ರ ಗುರಿ ಇಟ್ಟುಕೊಳ್ಳಿ. ಎಮಿಟ್ಸ್‌ಬರ್ಗ್ ಅಕಾಡೆಮಿಯ ವಾರಾಂತ್ಯದ ಕೋರ್ಸ್‌ಗಳಲ್ಲಿ ಇಂಥವು ಸಿಗುತ್ತವೆ, ನಿಮಗೆ ಅದು ಕಾರಿನಲ್ಲಿ ಹೋಗಿಬರುವ ದಾರಿ.

ಚೀಫ್ ಫೈರ್ ಆಫೀಸರ್ ಎಂಬ ಪದನಾಮವನ್ನು ಸಂಘ ಕೊಡುತ್ತದೆಂದು ಹಲವರು ತಿಳಿದಿದ್ದಾರೆ. ಕೊಡುವುದು ಸಿಪಿಎಸ್‌ಇ ಎಂಬ ಬೇರೆ ಸಂಸ್ಥೆ. ಇಲಾಖೆಗಳಿಗೆ ಮಾನ್ಯತೆ ಕೊಡುವ ವ್ಯವಸ್ಥೆಯನ್ನು 1980ರ ದಶಕದಲ್ಲಿ ಐಎಎಫ್‌ಸಿ ಮತ್ತು ನಗರ ಆಡಳಿತಗಾರರ ಸಂಘ ಕೂಡಿ ಹುಟ್ಟುಹಾಕಿದ್ದು ನಿಜ, ಈಗ ಅದು ಸ್ವತಂತ್ರ. ನಿಮಗೆ ಸದ್ಯಕ್ಕೆ ಎರಡೂ ಬೇಡ.

ಸುರಕ್ಷತಾ ಸೆಕ್ಷನ್ನಿನ ‘ರೂಲ್ಸ್ ಆಫ್ ಎಂಗೇಜ್‌ಮೆಂಟ್’ ಮಾತ್ರ ಜನವರಿಗೆ ಮೊದಲೇ ಓದಿ ಮುಗಿಸಿ. ಕಟ್ಟಡದ ಬೆಂಕಿಯಲ್ಲಿ ಸಿಬ್ಬಂದಿ ಏನು ಮಾಡಬೇಕು, ಸ್ಥಳದ ಕಮಾಂಡರ್ ಏನು ಮಾಡಬೇಕು ಎಂಬುದನ್ನು ಅದು ಎರಡು ಪಟ್ಟಿಯಾಗಿ ಹೇಳುತ್ತದೆ. ಕಮಾಂಡರ್ ಪಟ್ಟಿಯ ಮೊದಲ ನಿಯಮಗಳಲ್ಲೊಂದು ಮನೆಯ ಸುತ್ತ ಪೂರ್ತಿ ಒಂದು ಸುತ್ತು ಹಾಕುವುದು, ಅಥವಾ ಇನ್ನೊಬ್ಬರಿಂದ ಹಾಕಿಸಿ ವರದಿ ಪಡೆಯುವುದು. ಕೇಳಲು ಬಾಲಪಾಠ. ಆದರೆ ನಿಮ್ಮ ಗುಡ್ಡದ ಊರುಗಳ ಮನೆ ನೋಡಿ: ರಸ್ತೆಯಿಂದ ಎರಡಂತಸ್ತು, ಹಿಂದಿನಿಂದ ಮೂರು. ಇಳಿಜಾರಿನ ಕಡೆ ನೆಲಮಾಳಿಗೆಗೆ ನೇರ ಬಾಗಿಲು. ಬೆಂಕಿ ಇರುವುದು ಅಲ್ಲಿ. ಮುಂಬಾಗಿಲಿನಿಂದ ನುಗ್ಗಿದ ಹುಡುಗರು ಬೆಂಕಿಯ ನೆತ್ತಿಯ ಮೇಲೆ ನಿಂತಿರುತ್ತಾರೆ, ಕಾಲಡಿಯ ತೊಲೆ ಒಳಗೊಳಗೇ ಉರಿಯುತ್ತಿರುತ್ತದೆ. ಹಿತ್ತಲಿಗೆ ಹೋಗಿಬರುವ ಒಂದು ನಿಮಿಷ ಉಳಿಸಲು ಹೋಗಿ ನೆಲ ಕುಸಿದು ಸತ್ತವರ ವರದಿಗಳು ಒಂದೆರಡಲ್ಲ. ಬೇಲಿ ಅಡ್ಡ ಇದ್ದು ಸುತ್ತು ಪೂರ್ತಿಯಾಗದಿದ್ದರೆ ಅದನ್ನೂ ರೇಡಿಯೋದಲ್ಲಿ ಹೇಳಬೇಕು: ‘ಮೂರು ಬದಿ ನೋಡಿದ್ದೇನೆ, ಹಿಂಬದಿ ನೋಡಿಲ್ಲ.’ ಎರಡನೇ ಎಂಜಿನ್‌ಗೆ ಮೊದಲ ಕೆಲಸ ಆಗಲೇ ಸಿಕ್ಕಿತು.

ಅದೇ ಪಟ್ಟಿ ಇನ್ನಷ್ಟು ಹೇಳುತ್ತದೆ. ಒಳಗಿರುವವರಿಂದ ಆಗಾಗ ವರದಿ ಪಡೆಯಿರಿ. ಯಾರು ಎಲ್ಲಿದ್ದಾರೆ ಎಂಬ ಲೆಕ್ಕ ತಪ್ಪಬಾರದು. ರಕ್ಷಣಾ ತಂಡವೊಂದು ಹೊರಗೆ ಸಿದ್ಧವಿರಲಿ. ಮೊದಲ ಹುಡುಕಾಟ ಮುಗಿದ ಮೇಲೂ ಬೆಂಕಿ ಬಗ್ಗದಿದ್ದರೆ ಹೊರಗೆ ಬಂದು ಹೋರಾಡುವುದನ್ನು ಗಂಭೀರವಾಗಿ ಯೋಚಿಸಿ. ಇವು ಕಾಗದದಿಂದ ಕೆಲಸಕ್ಕೆ ಇಳಿಯುವುದು ಗಡಿಯಾರದ ಮೂಲಕ. ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಕಂಟ್ರೋಲ್ ರೂಮ್‌ಗೆ ಹೇಳಿ, ಮೊದಲ ತಂಡ ಒಳಹೋದ ಹೊತ್ತಿನಿಂದ 10 ನಿಮಿಷಕ್ಕೊಮ್ಮೆ ರೇಡಿಯೋದಲ್ಲಿ ಸಮಯ ಕೂಗುವ ಏರ್ಪಾಡು ಮಾಡಿಸಿಕೊಳ್ಳಿ. ಅರ್ಧ ಗಂಟೆಯ ಸಿಲಿಂಡರ್ ದುಡಿಯುವವರಿಗೆ ಬರುವುದು ಹದಿನೈದಿಪ್ಪತ್ತು ನಿಮಿಷ. ಹಾಗಾಗಿ ‘20 ನಿಮಿಷ’ ಎಂಬ ಕೂಗು ಕಿವಿಗೆ ಬಿದ್ದಾಗ ಮೊದಲು ಒಳಹೋದ ತಂಡ ಹೊರಗೆ ಬಂದಿರಬೇಕು, ಬಂದಿಲ್ಲವೆಂದರೆ ಅದೇ ನಿಮ್ಮ ಮುಂದಿನ ಮಾತು. ಹೊಸ ಏರ್‌ಪ್ಯಾಕ್‌ಗಳಲ್ಲಿ ಕಡಿಮೆ ಗಾಳಿಯ ಗಂಟೆ ಮೂರನೇ ಒಂದು ಭಾಗ ಉಳಿದಾಗಲೇ ಹೊಡೆಯುತ್ತದೆ. ಹಳೆಯವುಗಳಲ್ಲಿ ಕಾಲು ಭಾಗಕ್ಕೆ. ನಿಮ್ಮಲ್ಲಿ ಎರಡೂ ಬೆರೆತಿದ್ದರೆ ಯಾರ ಬೆನ್ನಿಗೆ ಯಾವುದು ಎಂಬುದು ಕಮಾಂಡರ್‌ಗೆ ಗೊತ್ತಿರಲೇಬೇಕು.

ಇಲ್ಲಿ ಆಗುವ ದೊಡ್ಡ ಎಡವಟ್ಟು ನಕಲು. ಸಂಘದ ಸದಸ್ಯರ ನಡುವೆ ಕಾರ್ಯವಿಧಾನದ ಮಾದರಿಗಳು ಧಾರಾಳವಾಗಿ ಓಡಾಡುತ್ತವೆ. ಹೊಸ ಅಧಿಕಾರಿ ಉತ್ಸಾಹದಲ್ಲಿ ದೊಡ್ಡ ನಗರದ ಮಾದರಿಯೊಂದನ್ನು ಇಳಿಸಿಕೊಂಡು, ಊರಿನ ಹೆಸರು ಬದಲಿಸಿ, ಮಾಸಿಕ ಸಭೆಯಲ್ಲಿ ಪಾಸು ಮಾಡಿಸುತ್ತಾರೆ. ಅದರಲ್ಲಿ ‘ಪ್ರತಿ ಎಂಜಿನ್‌ನಲ್ಲಿ 4 ಜನ’ ಎಂದಿರುತ್ತದೆ. ನಿಮ್ಮಲ್ಲಿ ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ ಸೈರನ್ ಕೂಗಿದರೆ ಬರುವವರು ಇಬ್ಬರು. ಏನಾದರೂ ಆಗಿ ವಕೀಲರು ಬಂದಾಗ ಮೊದಲು ಕೇಳುವುದು ನೀವೇ ಸಹಿ ಹಾಕಿದ ಆ ಕಾಗದವನ್ನು. ಸಂಬಳದ ದಳಗಳಿಗೆ ಬರೆದ ಮಾನದಂಡ ಎನ್‌ಎಫ್‌ಪಿಎ 1710. ನಿಮ್ಮಂಥವರಿಗೆ 1720. ಅದರ ಲೆಕ್ಕ ಜನಸಾಂದ್ರತೆಯ ಮೇಲೆ: ಚದರ ಮೈಲಿಗೆ ಸಾವಿರಕ್ಕಿಂತ ಹೆಚ್ಚು ಜನರಿದ್ದರೆ 9 ನಿಮಿಷದಲ್ಲಿ 15 ಮಂದಿ ಬೆಂಕಿಯ ಜಾಗದಲ್ಲಿರಬೇಕು, 500ರಿಂದ 1,000 ಇದ್ದರೆ 10 ನಿಮಿಷದಲ್ಲಿ 10, ಅದಕ್ಕಿಂತ ಕಡಿಮೆ ಇದ್ದರೆ 14 ನಿಮಿಷದಲ್ಲಿ 6. ಮೊದಲನೆಯದು ನೂರಕ್ಕೆ ತೊಂಬತ್ತು ಸಲ, ಉಳಿದೆರಡು ಎಂಬತ್ತು ಸಲ ಸಾಧ್ಯವಾಗಬೇಕು. ಕಳೆದ ವರ್ಷದ ಕರೆಗಳನ್ನು ತೆಗೆದು ಹಗಲು, ರಾತ್ರಿ ಬೇರೆ ಮಾಡಿ ಎಣಿಸಿ. ನಿಮ್ಮ ಹಗಲಿನ ಸಂಖ್ಯೆ ನೋಡಿದ ಮೇಲೆ ಮಾದರಿ ಹುಡುಕಿ. ಹಗಲಿಗೆ ಪಕ್ಕದ ಎರಡು ಕಂಪನಿಗಳನ್ನು ಮೊದಲ ಕರೆಯಲ್ಲೇ ಕೂಡಿಸಿ ಕರೆಸುವ ಒಪ್ಪಂದವೇ ಹೆಚ್ಚಿನವರಿಗೆ ಉಳಿದಿರುವ ದಾರಿ. ನಿಮ್ಮ ರಾಜ್ಯದಲ್ಲಿ 1970ರ ದಶಕದಲ್ಲಿ ಸುಮಾರು 3 ಲಕ್ಷ ಸ್ವಯಂಸೇವಕರಿದ್ದರು, 2018ರ ಶಾಸನಸಭಾ ವರದಿಯ ಹೊತ್ತಿಗೆ 38,000. ಹಗಲು ಇಬ್ಬರೇ ಬರುವುದು ನಿಮ್ಮೊಬ್ಬರ ಕಂಪನಿಯ ಸೋಮಾರಿತನವಲ್ಲ.

‘ಸ್ವಲ್ಪದರಲ್ಲಿ ತಪ್ಪಿತು’ ಎನ್ನುವ ಪ್ರಸಂಗಗಳನ್ನು ಹೆಸರಿಲ್ಲದೆ ವರದಿ ಮಾಡುವ ನಿಯರ್-ಮಿಸ್ ವ್ಯವಸ್ಥೆಯನ್ನು ಐಎಎಫ್‌ಸಿ 2005ರಲ್ಲಿ ಆರಂಭಿಸಿತು. ವಿಮಾನಯಾನದಲ್ಲಿ ದಶಕಗಳಿಂದ ನಡೆಯುತ್ತಿದ್ದ ಪದ್ಧತಿ ಅದಕ್ಕೆ ಮಾದರಿ. ಬರೆದವರ, ಊರಿನ ಗುರುತು ಅಳಿಸಿದ ಮೇಲೆಯೇ ವರದಿ ಎಲ್ಲರಿಗೂ ಓದಲು ಸಿಗುತ್ತದೆ. ತಿಂಗಳಿಗೆ ಒಂದು ವರದಿ, ಡ್ರಿಲ್ ರಾತ್ರಿಯ ಮೊದಲ ಇಪ್ಪತ್ತು ನಿಮಿಷ, ಅಷ್ಟು ಸಾಕು. ಪ್ರಸಂಗದ ಭಾಗ ಮಾತ್ರ ಗಟ್ಟಿಯಾಗಿ ಓದಿ, ‘ಕಲಿತ ಪಾಠ’ದ ಭಾಗ ಮುಚ್ಚಿಡಿ, ನಿಮ್ಮವರಿಂದಲೇ ಹೇಳಿಸಿ. ಹೊಸ ಹುಡುಗ ಬಾಯಿಬಿಡುವ ಮೊದಲು ಹಳಬರು ಮಾತು ಶುರುಮಾಡಿದರೆ ಆ ಇಪ್ಪತ್ತು ನಿಮಿಷ ದಂಡ. ಕಿರಿಯರಿಂದ ಹಿರಿಯರ ಕಡೆಗೆ ಸಾಗಲಿ.

ಆರೋಗ್ಯದ ವಿಷಯದಲ್ಲಿ ಸಂಘ ಮಾಡಿದ ಕೆಲಸಕ್ಕೆ ತೂಕವಿದೆ. ಕರ್ತವ್ಯದಲ್ಲಿ ಸಾಯುವ ಅಗ್ನಿಶಾಮಕರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಯನ್ನು ಕೊಲ್ಲುವುದು ಹೃದಯ. ಐಎಎಫ್‌ಸಿ ಕುಟುಂಬ ವೈದ್ಯರಿಗಾಗಿಯೇ ಒಂದು ಚಿಕ್ಕ ಕೈಪಿಡಿ ಮಾಡಿದೆ: ಅಗ್ನಿಶಾಮಕರನ್ನು ಪರೀಕ್ಷಿಸುವಾಗ ಏನೇನು ನೋಡಬೇಕು ಎಂದು. ಇಪ್ಪತ್ತು ಕಿಲೋಗೂ ಹೆಚ್ಚು ಭಾರ ಹೊತ್ತು ನಿದ್ದೆಗಣ್ಣಿನಿಂದ ಎದ್ದು ಮೆಟ್ಟಿಲು ಹತ್ತುವುದು ಏನೆಂದು ಸಾಮಾನ್ಯ ವೈದ್ಯರಿಗೆ ಗೊತ್ತಿರುವುದಿಲ್ಲ. ಮುದ್ರಿಸಿ ಒಬ್ಬೊಬ್ಬರ ಕೈಗೆ ಕೊಡಿ, ವಾರ್ಷಿಕ ತಪಾಸಣೆಗೆ ಒಯ್ಯಲಿ. ದಕ್ಷಿಣ ಏಷ್ಯಾದವರಲ್ಲಿ ಹೃದ್ರೋಗ ಬೇಗ ತಲೆ ಹಾಕುತ್ತದೆ ಎಂಬುದು ಗೊತ್ತಿರುವ ಸಂಗತಿ, ಆದ್ದರಿಂದ ಮೊದಲು ಹೋಗಬೇಕಾದವರು ನೀವೇ.

ಕ್ಯಾನ್ಸರ್‌ನದು ಇನ್ನೊಂದು. ಅಗ್ನಿಶಾಮಕ ವೃತ್ತಿಯಲ್ಲಿ ಮೈಗೆ ತಾಗುವುದನ್ನೆಲ್ಲ ಒಟ್ಟಾಗಿ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2022ರಲ್ಲಿ ಮೊದಲ ಗುಂಪಿಗೆ ಸೇರಿಸಿತು. ಅದಕ್ಕೂ ನಾಲ್ಕು ವರ್ಷ ಮೊದಲೇ, 2018ರಲ್ಲಿ, ವಿಸಿಒಎಸ್ ಮತ್ತು ಎನ್‌ವಿಎಫ್‌ಸಿ ಕೂಡಿ ‘ಲ್ಯಾವೆಂಡರ್ ರಿಬ್ಬನ್’ ವರದಿ ತಂದಿದ್ದವು. ಹನ್ನೊಂದು ಅಭ್ಯಾಸ, ಬಹುತೇಕ ಎಲ್ಲವೂ ಬಡ ಕಂಪನಿಗೆ ಎಟುಕುವಂಥವು. ಅದರ ತಿರುಳಾದ ಸ್ಥಳದಲ್ಲೇ ತೊಳೆಯುವ ಕ್ರಮ ಹೀಗೆ. ಹೊರಗೆ ಬಂದವರು ಮಾಸ್ಕ್ ತೆಗೆಯಬಾರದು, ಸಿಲಿಂಡರ್‌ನ ಗಾಳಿಯನ್ನೇ ಉಸಿರಾಡುತ್ತ ನಿಲ್ಲಬೇಕು, ಏಕೆಂದರೆ ಜಾಕೆಟ್‌ನಿಂದ ಹಬೆಯಂತೆ ಏಳುವುದೂ ವಿಷವೇ. ಕಡಿಮೆ ಒತ್ತಡದ ನೀರನ್ನು ಹೆಲ್ಮೆಟ್‌ನಿಂದ ಕೆಳಮುಖವಾಗಿ ಹಾಯಿಸಿ. ಬಕೆಟ್ ನೀರಿಗೆ ಪಾತ್ರೆ ತೊಳೆಯುವ ಸೋಪು ಬೆರೆಸಿ ಮೆತ್ತನೆಯ ಬ್ರಷ್‌ನಿಂದ ಭುಜ, ತೋಳು, ಕಂಕುಳು, ತೊಡೆಸಂದು, ಬೂಟಿನವರೆಗೆ ಉಜ್ಜಿ, ಮತ್ತೆ ನೀರು ಬಿಡಿ. ಆಮೇಲೆ ಮಾಸ್ಕ್ ತೆಗೆದು, ಕುತ್ತಿಗೆ, ದವಡೆ, ಕಿವಿಯ ಹಿಂದೆ, ಕೈಗಳನ್ನು ಒರೆಸುವ ಬಟ್ಟೆಯಿಂದ ಒರೆಸಬೇಕು. ಗೇರ್ (ಜಾಕೆಟ್, ಪ್ಯಾಂಟ್, ಬೂಟು) ಚೀಲಕ್ಕೆ ಹೋಗಲಿ, ಎಂಜಿನ್‌ನ ಕ್ಯಾಬಿನ್ ಒಳಗಂತೂ ಬೇಡ. ಒಂದು ಗಂಟೆಯೊಳಗೆ ಸ್ನಾನ. ಸ್ವಯಂಸೇವಕರಲ್ಲಿ ತಪ್ಪುವುದು ಕೊನೆಯಲ್ಲಿ: ಗೇರನ್ನು ಸ್ವಂತ ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಮನೆಗೆ ಒಯ್ಯುತ್ತಾರೆ, ಅದೇ ಕಾರಿನಲ್ಲಿ ಮರುದಿನ ಮಕ್ಕಳು ಶಾಲೆಗೆ. ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಡಬ್ಬ ತಲೆಗೊಂದರಂತೆ ಕೊಟ್ಟರೆ ಅರ್ಧ ಸಮಸ್ಯೆ ಮುಗಿಯಿತು. ಚಳಿಗಾಲದಲ್ಲಿ ನೀರು ಹಾಕಿದರೆ ಮೈಮೇಲೆಯೇ ಹೆಪ್ಪುಗಟ್ಟುತ್ತದೆ, ಆಗ ಒಣ ಬ್ರಷ್ ಮಾತ್ರ. ಮಸಿ ಹಿಡಿದ ಹೆಲ್ಮೆಟ್ ಶೌರ್ಯದ ಗುರುತು ಎಂದುಕೊಂಡ ಹಳಬರನ್ನು ಒಪ್ಪಿಸುವುದು ಇದೆಲ್ಲಕ್ಕಿಂತ ಕಷ್ಟ. ಅಲ್ಲಿ ‘ನಾನು ಹೇಳುತ್ತೇನೆ’ ಎಂಬುದಕ್ಕಿಂತ ‘ನಮ್ಮಂಥ ಸ್ವಯಂಸೇವಕರೇ ಕೂತು ಬರೆದ ವರದಿ ಹೇಳುತ್ತದೆ’ ಎಂಬುದು ಹೆಚ್ಚು ನಡೆಯುತ್ತದೆ.

ಇನ್ನು ದುಡ್ಡು. ವಾಷಿಂಗ್ಟನ್‌ನಲ್ಲಿ ಸಂಘದ ಹೆಚ್ಚಿನ ಓಡಾಟ ಇದಕ್ಕೇ. ಫೆಡರಲ್ ಸರ್ಕಾರ ಅಗ್ನಿಶಾಮಕ ದಳಗಳಿಗೆ ಕೊಡುವ, 2001ರಲ್ಲಿ ಮೊದಲು ಹಂಚಿಕೆಯಾದ ಎಎಫ್‌ಜಿ ಅನುದಾನ ಸಲಕರಣೆಗೆ, ನಂತರ ಬಂದ ಸೇಫರ್ ಅನುದಾನ ಜನರನ್ನು ಸೇರಿಸಿ ಉಳಿಸಿಕೊಳ್ಳಲು. ಪ್ರತಿ ವರ್ಷ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಇವಕ್ಕೆ ಹಣ ಎತ್ತಿಡಬೇಕು, ಎತ್ತಿಡುವಂತೆ ಬೆನ್ನುಹತ್ತುವವರಲ್ಲಿ ಚೀಫ್‌ಗಳ ಸಂಘ ಒಂದು. ಆ ಹಣಕ್ಕೆ ಅರ್ಜಿ ಹಾಕಲು ನೀವು ಸದಸ್ಯರಾಗಿರಬೇಕಿಲ್ಲ. ಆದರೆ ಅರ್ಜಿ ಓದಿ ಅಂಕ ಹಾಕುವ ಸಮಿತಿಗಳಲ್ಲಿ ಕೂರುವವರು ಇಂಥ ಸಂಘಗಳ ಮೂಲಕ ಬಂದ ಅಗ್ನಿಶಾಮಕರೇ. ಒಮ್ಮೆ ಓದುಗರಾಗಿ ಕೂತು ಬಂದವರ ಜೊತೆ ಒಂದು ಗಂಟೆ ಮಾತಾಡಿದರೆ ಹತ್ತು ಕಾರ್ಯಾಗಾರಕ್ಕೆ ಸಮ. ‘ನಮ್ಮ ಏರ್‌ಪ್ಯಾಕ್ ಹಳೆಯವು’ ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಎಷ್ಟು ಪ್ಯಾಕ್, ಯಾವ ಇಸವಿಯ ಮಾನದಂಡದವು, ಹದಿನೈದು ವರ್ಷದ ಆಯಸ್ಸಿನ ಕಾರ್ಬನ್ ಸಿಲಿಂಡರ್‌ಗಳಲ್ಲಿ ಎಷ್ಟರ ಅವಧಿ ಮುಗಿದಿದೆ, ಐದು ವರ್ಷಕ್ಕೊಮ್ಮೆಯ ಒತ್ತಡ ಪರೀಕ್ಷೆಯಲ್ಲಿ ಎಷ್ಟು ಬಿದ್ದವು, ಪಕ್ಕದ ಊರಿನ ಪ್ಯಾಕ್‌ಗೆ ಇವು ಹೊಂದುತ್ತವೆಯೇ: ಇಷ್ಟು ಸಂಖ್ಯೆ ಮೊದಲ ಪ್ಯಾರಾದಲ್ಲೇ ಬರಬೇಕು.

ಪಾಲಿನ ಲೆಕ್ಕದಲ್ಲೂ ತಪ್ಪುತ್ತದೆ. ಎಎಫ್‌ಜಿಯಲ್ಲಿ ನಿಮ್ಮ ಊರಿನ ಜನಸಂಖ್ಯೆ 20,000ಕ್ಕಿಂತ ಕಡಿಮೆ ಇದ್ದರೆ ನಿಮ್ಮ ಪಾಲು ಶೇ. 5, ಅದರ ಮೇಲೆ ಹತ್ತು ಲಕ್ಷದವರೆಗೆ ಶೇ. 10. ಈ ಶೇಕಡಾ ಸರ್ಕಾರ ಕೊಡುವ ಮೊತ್ತದ ಮೇಲೆ, ಒಟ್ಟು ಖರ್ಚಿನ ಮೇಲಲ್ಲ. ಒಟ್ಟು 1,05,000 ಡಾಲರ್ ಆದರೆ ಸರ್ಕಾರದ್ದು 1,00,000, ನಿಮ್ಮದು 5,000. ಒಟ್ಟಿನ ಶೇ. 5 ಎಂದು 5,250 ಬರೆದರೆ ಲೆಕ್ಕ ಕೂಡುವುದಿಲ್ಲ. ಇದಕ್ಕಿಂತ ಹೆಚ್ಚು ಅರ್ಜಿಗಳನ್ನು ಮುಳುಗಿಸುವುದು ಸ್ಯಾಮ್ ಎಂಬ ಫೆಡರಲ್ ನೋಂದಣಿ. ಅದನ್ನು ವರ್ಷ ವರ್ಷ ನವೀಕರಿಸಬೇಕು. ನಾಲ್ಕು ವರ್ಷದ ಹಿಂದಿನ ಖಜಾಂಚಿಯ ಇ-ಮೇಲ್‌ಗೆ ಜೋಡಿಸಿದ ಖಾತೆ, ಅವರು ಫ್ಲಾರಿಡಾಕ್ಕೆ ಹೋಗಿ ನೆಲೆಸಿದ್ದಾರೆ, ನೋಂದಣಿ ಸತ್ತು ಎಂಟು ತಿಂಗಳಾಗಿದೆ. ಇದು ಬಯಲಾಗುವುದು ಅರ್ಜಿಯ ಕಿಟಕಿ ತೆರೆದ ಮೇಲೆ, ಆ ಕಿಟಕಿ ಕೆಲವೇ ವಾರದ್ದು. ಬೆಂಕಿ ಬಿದ್ದಾಗ ಬಾವಿ ತೋಡುವ ಗಾದೆ ಅಗ್ನಿಶಾಮಕರಿಗೇ ಅನ್ವಯಿಸಬಾರದು ನೋಡಿ. ಖಾತೆಗೆ ಇಬ್ಬರ ಹೆಸರಿರಲಿ, ಇ-ಮೇಲ್ ಕಂಪನಿಯದ್ದಾಗಿರಲಿ. ನಿಮ್ಮ ಕರೆಗಳ ವರದಿ ಹಳೆಯ ಎನ್‌ಎಫ್‌ಐಆರ್‌ಎಸ್‌ನಿಂದ ಹೊಸ ಎನ್‌ಇಆರ್‌ಐಎಸ್ ವ್ಯವಸ್ಥೆಗೆ ಬದಲಾಗಿದೆಯೇ ಎಂಬುದನ್ನೂ ಅದೇ ದಿನ ನೋಡಿಬಿಡಿ. ಈ ಒಂದು ಕೆಲಸಕ್ಕೆ ಸಾಫ್ಟ್‌ವೇರ್‌ನವರು ಸಿಕ್ಕಿದ್ದು ಕಂಪನಿಯ ಪುಣ್ಯ.

ಕಾನೂನಿನ ಕಡೆ ಸಂಘದ ಉಪಯೋಗ ಬೇರೆ ಥರದ್ದು. 2024ರ ಫೆಬ್ರವರಿಯಲ್ಲಿ ಕೇಂದ್ರದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ 1980ರ ಹಳೆಯ ನಿಯಮದ ಜಾಗಕ್ಕೆ ತುರ್ತು ಸೇವೆಗಳ ದೊಡ್ಡ ಕರಡೊಂದನ್ನು ಪ್ರಕಟಿಸಿತು. ನೂರಾರು ಪುಟ. ಊರಿನ ಕಂಪನಿಯೊಂದು ಅದನ್ನು ಓದಿ ಅರ್ಥ ಮಾಡಿಕೊಳ್ಳುವುದು ದೂರದ ಮಾತು. ಸಂಘಗಳು ಸಾರಾಂಶ ಮಾಡಿ, ಚಿಕ್ಕ ಸ್ವಯಂಸೇವಕ ದಳಗಳ ಮೇಲೆ ಬೀಳುವ ಹೊರೆಯನ್ನು ಆಕ್ಷೇಪಣೆಯಾಗಿ ಸಲ್ಲಿಸಿದವು. ಅಂಥ ಹೊತ್ತಿನಲ್ಲಿ ಸದಸ್ಯರಿಂದ ಬೇಕಾಗುವುದು ಸಹಿಯಲ್ಲ, ಲೆಕ್ಕ: ಈ ಕಲಮು ಜಾರಿಯಾದರೆ ನಮ್ಮ ಕಂಪನಿಗೆ ವರ್ಷಕ್ಕೆ ಇಷ್ಟು ಗಂಟೆ, ಇಷ್ಟು ಡಾಲರ್ ಎಂದು.

ಸಮ್ಮೇಳನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೇಸಿಗೆಯ ಫೈರ್-ರೆಸ್ಕ್ಯೂ ಇಂಟರ್‌ನ್ಯಾಷನಲ್ ದೊಡ್ಡ ಜಾತ್ರೆ. ವಿಸಿಒಎಸ್ ಫ್ಲಾರಿಡಾದಲ್ಲಿ ನಡೆಸುವ ಸಿಂಪೋಸಿಯಂ ಚಿಕ್ಕದು, ನಿಮಗೆ ಹತ್ತಿರದ್ದು. ಮಳಿಗೆಗಳಲ್ಲಿ ಮಾರಾಟಗಾರರ ಮಾತು ಕೇಳಿ ಎಂಜಿನ್ ಕೊಳ್ಳಲು ತೀರ್ಮಾನಿಸಬೇಡಿ. ಅದೇ ಎಂಜಿನ್ ಮೂರು ವರ್ಷ ಓಡಿಸಿದ ಚೀಫ್ ಯಾರೆಂದು ಕೇಳಿ ಅವರ ಪಕ್ಕ ಊಟಕ್ಕೆ ಕೂರಿ. ಮೊದಲ ವರ್ಷ ಹೋಗದಿದ್ದರೂ ನಷ್ಟವಿಲ್ಲ.

ಸಂಘದಿಂದ ಆಗದ್ದೂ ಹೇಳಬೇಕು. ಮೊಕದ್ದಮೆಯಾದರೆ ನಿಮ್ಮ ಪರ ನಿಲ್ಲುವುದು ಕಂಪನಿಯ ವಿಮೆ, ಸಂಘವಲ್ಲ. ಜನವರಿಗೆ ಮೊದಲು ಆ ವಿಮೆಯ ಕಾಗದ ಓದಿ, ಸಹಾಯಕ ಚೀಫ್ ಸ್ಥಳದಲ್ಲಿ ತೆಗೆದುಕೊಂಡ ತೀರ್ಮಾನಕ್ಕೆ ರಕ್ಷಣೆ ಇದೆಯೇ ನೋಡಿ. ಟೌನ್‌ಶಿಪ್ ಜೊತೆ ಜಗಳವಾದರೆ ಸಂಘ ಮಧ್ಯೆ ಬರುವುದಿಲ್ಲ. ರಾತ್ರಿ ಎರಡಕ್ಕೆ ಏಣಿಯ ಲಾರಿ ಬೇಕಾದಾಗ ಫೋನು ಎತ್ತುವವರು ಕೌಂಟಿಯ ಚೀಫ್‌ಗಳು. ಹಾಗಾಗಿ ಒಂದಕ್ಕೆ ಮಾತ್ರ ಸಮಯವಿದೆ ಎಂದಾದರೆ ಕೌಂಟಿಯ ಚೀಫ್‌ಗಳ ಮಾಸಿಕ ಸಭೆಗೆ ಹೋಗಿ. ಅಲ್ಲಿ ರೇಡಿಯೋ ಚಾನೆಲ್, ಹೋಸ್ ಅಡಾಪ್ಟರ್, ಹಗಲಿನ ಜನಬಲ ಮೂರೂ ಒಂದೇ ಮೇಜಿನ ಮೇಲೆ ಇತ್ಯರ್ಥವಾಗುತ್ತವೆ. ಐಎಎಫ್‌ಸಿ ಅದರ ಮೇಲಿನ ಪದರ. ಎರಡಕ್ಕೂ ಸಮಯವಿದ್ದರೆ ಎರಡೂ ಬೇಕು, ಏಕೆಂದರೆ ಕೌಂಟಿಯವರೆಲ್ಲ ಒಂದೇ ತಪ್ಪನ್ನು ಇಪ್ಪತ್ತು ವರ್ಷದಿಂದ ಮಾಡುತ್ತಿದ್ದರೆ ಅದು ತಪ್ಪೆಂದು ಹೇಳಲು ಹೊರಗಿನವರೇ ಬೇಕಾಗುತ್ತದೆ.

ಶುಲ್ಕದ ಠರಾವನ್ನು ಈ ಶರತ್ಕಾಲದ ಬಜೆಟ್ ಸಭೆಯಲ್ಲೇ ಇಡಿ, ಜನವರಿಗೆ ಕಾಯಬೇಡಿ. ಒಂದು ವರ್ಷದ ಮಟ್ಟಿಗೆ ಎಂದು ಬರೆಯಿರಿ. ಸದಸ್ಯತ್ವ ನಿಮ್ಮ ಹೆಸರಿನಲ್ಲಿರುತ್ತದೆ, ದುಡ್ಡು ಕಂಪನಿಯದು. ಆದ್ದರಿಂದ ಪ್ರತಿಯಾಗಿ ನೀವು ಕೊಡುವುದನ್ನೂ ಠರಾವಿನಲ್ಲೇ ಹಾಕಿ: ತಿಂಗಳಿಗೊಂದು ನಿಯರ್-ಮಿಸ್ ಚರ್ಚೆ, ಜೂನ್ ಒಳಗೆ ತೊಳೆಯುವ ಕಿಟ್ ಪ್ರತಿ ಎಂಜಿನ್‌ನಲ್ಲಿ (ಬಕೆಟ್, ಬ್ರಷ್, ಸೋಪು, ಒರೆಸುವ ಬಟ್ಟೆ, ಚೀಲ, ತೋಟದ ಪೈಪ್‌ಗೆ ಹೊಂದುವ ಅಡಾಪ್ಟರ್), ವರ್ಷಾಂತ್ಯದೊಳಗೆ ಒಂದು ಅನುದಾನದ ಅರ್ಜಿ. ಮುಂದಿನ ಡಿಸೆಂಬರ್ ಸಭೆಯಲ್ಲಿ ಯಾರಾದರೂ ಎದ್ದು ‘ಆ ದುಡ್ಡಿಗೆ ಏನಾಯಿತು?’ ಎಂದು ಕೇಳಿಯೇ ಕೇಳುತ್ತಾರೆ, ಆಗ ಠರಾವಿನ ಕಾಗದ ತೆಗೆದು ಓದಿ.